ಬಕೆಟ್ಟಿನೊಳಗಿನ ಗಂಟು: ಪಶುವೈದ್ಯ ವಿದ್ಯಾರ್ಥಿಗಳಿಗೆ ಶಸ್ತ್ರಚಿಕಿತ್ಸೆ ಕಲಿಸಿದ ನನ್ನ ಅನುಭವ

ಪಶುವೈದ್ಯಕೀಯ ಕಾಲೇಜೊಂದರಲ್ಲಿ ಶಸ್ತ್ರಚಿಕಿತ್ಸೆ ಕಲಿಸುವ ನಾನು ಮೊದಲ ಕೆಲವು ವರ್ಷ ಹೊಲಿಗೆಯ ಅಭ್ಯಾಸವನ್ನು ಫೋಮ್ ತುಂಡಿನ ಮೇಲೆಯೇ ಮಾಡಿಸುತ್ತಿದ್ದೆ. ನೀಡಲ್ ಹೋಲ್ಡರಿನಲ್ಲಿ ಸೂಜಿಯನ್ನು ಎಲ್ಲಿ ಕಚ್ಚಿಸಬೇಕು, ಚರ್ಮಕ್ಕೆ ಲಂಬವಾಗಿ ಹೇಗೆ ಚುಚ್ಚಬೇಕು, ಸೂಜಿಯ ಬಾಗಿಗೆ ತಕ್ಕಂತೆ ಮಣಿಕಟ್ಟನ್ನು ಹೇಗೆ ತಿರುಗಿಸಬೇಕು ಎಂಬುದನ್ನು ಕಲಿಸಲು ಅದು ಸಾಕು. ಆದರೆ ಫೋಮಿನಲ್ಲಿ ರಕ್ತ ಹರಿಯುವುದಿಲ್ಲ. ಅದರ ಮೇಲೆ ಅಂದವಾಗಿ ಗಂಟು ಹಾಕುತ್ತಿದ್ದ ವಿದ್ಯಾರ್ಥಿಯೊಬ್ಬನು ಹೆಣ್ಣುನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯದ ರಕ್ತನಾಳಕ್ಕೆ ಹಾಕಿದ ಕಟ್ಟು, ನಾಳವನ್ನು ಅದುಮಿ ಹಿಡಿದಿದ್ದ ಕ್ಲ್ಯಾಂಪ್ ಸಡಿಲಿಸಿದ ಕೂಡಲೇ ಜಾರಿತು. ಒಳಕ್ಕೆ ಸರಿದ ತುದಿಯನ್ನು ರಕ್ತದ ನಡುವೆ ಹುಡುಕಿ ನಾನೇ ಮತ್ತೆ ಕಟ್ಟಬೇಕಾಯಿತು. ನಾಯಿ ಉಳಿಯಿತು. ತಪ್ಪು ಹುಡುಗನದಲ್ಲ, ಸಡಿಲ ಗಂಟನ್ನು ಬಯಲಿಗೆ ತಾರದ ಮಾದರಿಯೊಂದರ ಮೇಲೆ ಅವನಿಗೆ ಶಹಬ್ಬಾಸ್ ಹೇಳುತ್ತ ಬಂದಿದ್ದ ನನ್ನದು.

ಸೋರುವ ಮಾದರಿಯೊಂದು ಬೇಕೆಂದು ಅಂದೇ ನಿಶ್ಚಯಿಸಿದೆ. ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ರಬ್ಬರ್ ಬ್ಯಾಂಡಿನಿಂದ ತೆಳುವಾದ ಲೇಟೆಕ್ಸ್ ಟ್ಯೂಬನ್ನು ಬಿಗಿದು, ಅದರ ಒಂದು ತುದಿಯನ್ನು ಮುಚ್ಚಿ, ಇನ್ನೊಂದಕ್ಕೆ ಡ್ರಿಪ್ ಸೆಟ್ ಜೋಡಿಸಿ, ಬಣ್ಣದ ನೀರು ತುಂಬಿದ ಸಲೈನ್ ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕಿದೆವು. ಮೊದಲ ದಿನ ಕುಂಕುಮ ಕದಡಿದ್ದೆವು. ಅದು ಕರಗದೆ ಡ್ರಿಪ್ ಸೆಟ್ಟಿನ ಜಾಲರಿಯನ್ನೇ ಮುಚ್ಚಿಬಿಟ್ಟಿತು. ಬಾಟಲಿಯ ಎತ್ತರವನ್ನು ಮಾತ್ರ ಅಂದಾಜಿಗೆ ಬಿಡಲಿಲ್ಲ. ಪಾದರಸದ 100 ಮಿಲಿಮೀಟರ್ ಒತ್ತಡವೆಂದರೆ ಸುಮಾರು 136 ಸೆಂಟಿಮೀಟರ್ ಎತ್ತರದ ನೀರು. ಅರಿವಳಿಕೆಯಲ್ಲಿರುವ ನಾಯಿಯ ಸರಾಸರಿ ರಕ್ತದೊತ್ತಡ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯಿರುವುದರಿಂದ, ಟ್ಯೂಬನ್ನು ಕತ್ತರಿಸಿದ ಮೇಲೂ ಈ ಎತ್ತರದ ನೀರನ್ನು ತಡೆದ ಗಂಟನ್ನು ನಂಬಬಹುದೆಂದು ಲೆಕ್ಕ ಹಾಕಿದೆ.

ಆದರೂ ಬರಿಯ ಟ್ಯೂಬಿಗೆ ಗಂಟು ಸುಲಭವಾಗಿ ಕಚ್ಚಿಕೊಳ್ಳುತ್ತಿತ್ತು. ನಿಜವಾದ ರಕ್ತನಾಳದ ಸುತ್ತ ಕೊಬ್ಬಿರುತ್ತದೆ. ದಾರ ಕೊಬ್ಬನ್ನು ಬಿಗಿದು, ನಾಳವನ್ನು ಬಿಗಿದಂತೆ ಕೈಗೆ ಸುಳ್ಳು ಹೇಳುತ್ತದೆ. ಹೀಗಾಗಿ ಮಟನ್ ಅಂಗಡಿಯಿಂದ ಕೊಬ್ಬಿನ ಪೊರೆಯನ್ನು ತರಿಸಿ ಟ್ಯೂಬಿಗೆ ಸುತ್ತಿದೆವು, ಗ್ಲೌಸಿಗೆ ಸೋಪಿನ ನೀರು ಹಚ್ಚಿಸಿದೆವು, ಬಕೆಟ್ಟಿನ ಬಾಯಿಗೆ ರೆಕ್ಸಿನ್ ಕಟ್ಟಿ ಎರಡು ಇಂಚಿನ ಸೀಳು ಮಾತ್ರ ಬಿಟ್ಟೆವು. ಆ ದಿನ ಇಡೀ ಬ್ಯಾಚಿನಲ್ಲಿ ಸೋರದ ಗಂಟು ಹಾಕಿದವರು ಇಬ್ಬರೇ.

ಕಾರಣ ಹುಡುಕಲು ದಾರದ ಅರ್ಧಕ್ಕೆ ಬಣ್ಣ ಹಚ್ಚಿದೆ. ಎರಡನೆಯ ಸುತ್ತನ್ನೂ ಮೊದಲನೆಯ ದಿಕ್ಕಿನಲ್ಲೇ ಹಾಕಿದವರ ದಾರದ ತುದಿಗಳು ಎರಡು ಸುತ್ತುಗಳನ್ನು ಎದುರುಬದುರು ದಿಕ್ಕಿನಲ್ಲಿ ಹಾಕುವ ಸ್ಕ್ವೇರ್ ನಾಟಿನಲ್ಲಿರುವಂತೆ ತಮ್ಮ ತಮ್ಮ ಪಕ್ಕಕ್ಕೇ ಮರಳದೆ ಅಡ್ಡಡ್ಡ ನಿಲ್ಲುತ್ತಿದ್ದವು. ಬಿಳಿ ದಾರದಲ್ಲಿ ಕಾಣದ ಈ ದೋಷ ಎರಡು ಬಣ್ಣದಲ್ಲಿ ಥಟ್ಟನೆ ಕಾಣುತ್ತಿತ್ತು. ಉಳಿದವರ ತೊಂದರೆ ಇನ್ನೊಂದು ಬಗೆಯದು: ಗಂಟು ಬಿಗಿಯುವಾಗ ಕೈಯನ್ನು ಮೇಲಕ್ಕೆತ್ತಿ ಇಡೀ ಟ್ಯೂಬನ್ನೇ ಎಳೆಯುತ್ತಿದ್ದರು. ತೋರುಬೆರಳನ್ನು ಗಂಟಿನವರೆಗೂ ಇಳಿಸಿ ಅಲ್ಲಿಯೇ ಬಿಗಿಯುವುದನ್ನು ರೂಢಿಸಲು ಒಂದು ವಾರ ಹಿಡಿಯಿತು.

ಹಸುವಿನ ಮಾದರಿಯಲ್ಲಿಯೂ ಎಡವಿದೆ. ಪ್ಲಾಸ್ಟಿಕ್ ತಿಂದ ಹಸುಗಳಿಗೆ ರೂಮೆನ್ (ಹೊಟ್ಟೆಯ ಅತಿ ದೊಡ್ಡ ಕೋಣೆ) ಶಸ್ತ್ರಚಿಕಿತ್ಸೆ ಮಾಡುವುದು ಸಾಮಾನ್ಯವಾಗಿ ಅವು ನಿಂತಿರುವಾಗಲೇ, ಎಡ ಪಕ್ಕೆಯಲ್ಲಿ. ನಾನೋ ರೆಕ್ಸಿನ್ ಮತ್ತು ಫೋಮಿನ ಪದರಗಳನ್ನು ಮೇಜಿನ ಮೇಲೆ ಮಲಗಿಸಿ ಹೊಲಿಸುತ್ತಿದ್ದೆ. ಅದನ್ನೇ ಗೋಡೆಗೆ, ಹಸುವಿನ ಪಕ್ಕೆಯ ಎತ್ತರಕ್ಕೆ ನೇತುಹಾಕಿದಾಗ, ಮೇಜಿನ ಮೇಲೆ ಚುರುಕಾಗಿದ್ದವರ ಕೈಗಳೂ ತಡವರಿಸಿದವು.

ಉಸಿರಾಡುವ ಹೊಟ್ಟೆಯ ಏರಿಳಿತವನ್ನಾಗಲಿ, ಅರಿವಳಿಕೆ ತಿಳಿಯಾಗುವ ಸೂಚನೆಯನ್ನಾಗಲಿ ಬಕೆಟ್ ಕಲಿಸಲಾರದು. ಈಗ ಸತತ ಮೂರು ಸಲ, ಎರಡು ನಿಮಿಷ ಹನಿಯೂ ಸೋರದಂತೆ ಕಟ್ಟಿದವರಿಗಷ್ಟೇ ನಾನು ನಾಯಿಯನ್ನು ಮುಟ್ಟಲು ಬಿಡುತ್ತೇನೆ. ಹನ್ನೊಂದನೆಯ ಪ್ರಯತ್ನದ ಹೊತ್ತಿಗೆ ತೋಳೆಲ್ಲ ಕೆಂಪು ನೀರಾಗಿ ಅಳು ಬಂದಂತಾಗಿದ್ದ ವಿದ್ಯಾರ್ಥಿನಿಯೊಬ್ಬಳು ಕೊನೆಗೆ ಆಪರೇಷನ್ ಥಿಯೇಟರಿಗೆ ಬಂದಳು. ರಕ್ತನಾಳವನ್ನು ಕತ್ತರಿಸಿದ ಮೇಲೆ ಕ್ಲ್ಯಾಂಪನ್ನು ಒಮ್ಮೆಲೇ ಬಿಡದೆ, ತುದಿಯನ್ನು ಫೋರ್ಸೆಪ್ಸಿನಲ್ಲಿ ಮೃದುವಾಗಿ ಹಿಡಿದುಕೊಂಡು, ಕ್ಲ್ಯಾಂಪಿನ ಹಿಡಿಯ ಒಂದೊಂದೇ ಹಲ್ಲು ಸಡಿಲಿಸುತ್ತ, "ಸರ್, ಎರಡು ನಿಮಿಷ ನೋಡ್ತೀನಿ" ಎಂದಳು.