ಬೇಧಿ ಶುರುವಾಗುವ ಮೊದಲೇ ಪ್ರೊಬಯಾಟಿಕ್: ರೇಡಿಯೇಷನ್ ವಿಭಾಗದಲ್ಲಿ ನನ್ನ ಅನುಭವ

ನಾನು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್. ನನ್ನ ಹತ್ತಿರ ಬರುವವರಲ್ಲಿ ಗರ್ಭಕಂಠದ ಕ್ಯಾನ್ಸರ್ ಇರುವ ಹೆಂಗಸರೇ ಜಾಸ್ತಿ. ಅವರಿಗೆ ಸಾಮಾನ್ಯವಾಗಿ ಐದು ವಾರ ಕಿಬ್ಬೊಟ್ಟೆಗೆ ರೇಡಿಯೇಷನ್ ಇರುತ್ತದೆ, ಜೊತೆಗೆ ವಾರಕ್ಕೊಮ್ಮೆ ಕೀಮೋ ಔಷಧವಾದ ಸಿಸ್‌ಪ್ಲಾಟಿನ್. ಎರಡನೇ, ಮೂರನೇ ವಾರದ ಹೊತ್ತಿಗೆ ಬಹಳ ಜನರಿಗೆ ಲೂಸ್ ಮೋಷನ್ ಶುರುವಾಗುತ್ತದೆ. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದೆ. ರೇಡಿಯೇಷನ್ ಅದಕ್ಕೇ ಅಡ್ಡಿ ಮಾಡುತ್ತದೆ. ಪದರ ತೆಳುವಾಗಿ ನೀರು ಸರಿಯಾಗಿ ಹೀರುವುದಿಲ್ಲ, ಒಳಗಿನ ಬ್ಯಾಕ್ಟೀರಿಯಾಗಳೂ ಏರುಪೇರಾಗುತ್ತವೆ.

ಬೇಧಿ ಜೋರಾದರೆ ಚಿಕಿತ್ಸೆ ನಡುವೆ ನಿಲ್ಲಬಹುದು. ಈ ಕ್ಯಾನ್ಸರಿನಲ್ಲಿ ರೇಡಿಯೇಷನ್ ದಿನಗಳು ಎಳೆದಷ್ಟೂ ಫಲ ಕಡಿಮೆ. ಅದಕ್ಕೇ ನಾನು ಮೊದಲ ದಿನದಿಂದಲೇ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದೆನ್ನುವ ಸೂಕ್ಷ್ಮಜೀವಿಗಳಿರುವ ಪುಡಿ ಅಥವಾ ಕ್ಯಾಪ್ಸೂಲ್) ಬಗ್ಗೆ ಯೋಚಿಸುತ್ತೇನೆ.

ಇಟಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 490 ಜನರಿದ್ದರು. ರೇಡಿಯೇಷನ್ನಿನ ಮೊದಲ ದಿನದಿಂದ ಪ್ರೊಬಯಾಟಿಕ್ ತೆಗೆದುಕೊಂಡವರಲ್ಲಿ ಶೇ. 31.6 ಜನರಿಗೆ ಬೇಧಿ ಆಯಿತು. ಹೋಲಿಕೆಗೆಂದು ಸುಮ್ನೆ ಹುಸಿಪುಡಿ (ಪ್ರೊಬಯಾಟಿಕ್ ಇಲ್ಲದ್ದು) ತೆಗೆದುಕೊಂಡವರಲ್ಲಿ ಶೇ. 51.8. ಥಾಯ್ಲೆಂಡಿನಲ್ಲಿ ಗರ್ಭಕಂಠದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಚಿಕ್ಕ ಅಧ್ಯಯನದಲ್ಲೂ ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಎಂಬ ಎರಡು ಬಗೆಯ ಬ್ಯಾಕ್ಟೀರಿಯಾ ಕೂಡಿಸಿ ಕೊಟ್ಟಾಗ ಒಳ್ಳೆಯದೇ ಆಯಿತು. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ 12 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಪುರಾವೆ ಇನ್ನೂ ಗಟ್ಟಿಯಿಲ್ಲ ಎಂದಿತು. ಇದನ್ನು ನಾನು ರೋಗಿಗಳಿಂದ ಮುಚ್ಚಿಡುವುದಿಲ್ಲ. "ಅಮ್ಮಾ, ಇದರಿಂದ ಬೇಧಿ ಬರೋದೇ ಇಲ್ಲ ಅಂತಲ್ಲ, ಕಡಿಮೆ ಆಗಬಹುದು" ಅಂತ ಹೇಳಿಯೇ ಶುರು ಮಾಡುತ್ತೇವೆ.

ಶುರು ಮಾಡುವ ಮುಂಚೆ ರಕ್ತದ ರಿಪೋರ್ಟ್ ನೋಡಲೇಬೇಕು. ಪ್ರೊಬಯಾಟಿಕ್ ಅಂದರೆ ಜೀವಂತ ಸೂಕ್ಷ್ಮಜೀವಿ, ಅಲ್ವಾ? ಬಿಳಿ ರಕ್ತಕಣ ತೀರಾ ಕುಸಿದಿದ್ದರೆ ಅದೇ ರಕ್ತಕ್ಕೆ ಸೇರಿ ಸೋಂಕಾಗಬಹುದು. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) ಇಳಿದಿದ್ದರೆ ಡಾಕ್ಟರು ಬೇಡ ಅನ್ನುತ್ತಾರೆ, ನಾನೂ ಒತ್ತಾಯ ಮಾಡುವುದಿಲ್ಲ. ಔಷಧ ಕೊಡಲು ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ, ಅಂದರೆ ಎದೆಯಲ್ಲಿ ಪೋರ್ಟ್ ಅಥವಾ ಕೈಯಲ್ಲಿ ಪಿಕ್ ಲೈನ್ ಇದ್ದವರ ವಿಷಯದಲ್ಲಿ ಇನ್ನೂ ಎಚ್ಚರ. ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಇರುವ ಪ್ರೊಬಯಾಟಿಕ್ ಅಂಥವರಿಗೆ ಕೊಡಬಾರದು ಎಂದು ಯುರೋಪಿನ ಔಷಧ ಸಂಸ್ಥೆ 2017ರಲ್ಲೇ ಹೇಳಿದೆ. ಕ್ಯಾಪ್ಸೂಲನ್ನು ಮಂಚದ ಪಕ್ಕದಲ್ಲೇ ಬಿಚ್ಚಿದರೆ ಪುಡಿ ಗಾಳಿಗೆ ಹಾರಿ, ಕೈಗೆ ಅಂಟಿ ಲೈನ್‌ಗೆ ತಾಗಬಹುದು. ಜೊತೆಗಿರುವ ಮನೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೆಡಿಕಲ್ ಶಾಪಿನಲ್ಲಿ ಕೇಳಿದ್ದೇ ತಡ, ಯಾವುದೋ ಒಂದು ಕೊಟ್ಟುಬಿಡುತ್ತಾರೆ. ಪೊಟ್ಟಣದ ಮೇಲಿರುವ ಹೆಸರನ್ನು ಡಾಕ್ಟರಿಗೆ ತೋರಿಸದೆ ತೆಗೆದುಕೊಳ್ಳಬೇಡಿ.

"ಮಜ್ಜಿಗೆ ಸಾಲದಾ ಮೇಡಂ?" ಅಂತ ತುಂಬಾ ಜನ ಕೇಳುತ್ತಾರೆ. ಮನೆ ಮೊಸರಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅನ್ನುವುದು ಹೆಪ್ಪಿನಿಂದ ಹೆಪ್ಪಿಗೆ ಬೇರೆ. ಅಧ್ಯಯನದ ಪುಡಿಗೆ ಅದು ಬದಲಿ ಅಲ್ಲ. ಆದರೂ ನೀರು ಮಜ್ಜಿಗೆಯನ್ನು ನಾನು ಬಿಡಿಸುವುದಿಲ್ಲ. ಈ ಹೊತ್ತಿನಲ್ಲಿ ಹಾಲು ಹಲವರಿಗೆ ಆಗಿಬರುವುದಿಲ್ಲ, ಮಜ್ಜಿಗೆ ಹೊಟ್ಟೆಗೆ ಒಗ್ಗುತ್ತದೆ. ಚೆನ್ನಾಗಿ ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ, ಅವತ್ತಿನದೇ ಮೊಸರಾಗಿರಬೇಕು. ಉಪ್ಪು ಹಾಕಿ, ಹಸಿಮೆಣಸು ಬೇಡ. ರಕ್ತಕಣ ಇಳಿದಿರುವಾಗ ಇದನ್ನೂ ಕೇಳಿಯೇ ಕುಡಿಯಿರಿ.

ಇಷ್ಟಾದರೂ ಬೇಧಿ ಬಂದರೆ ಓಆರ್‌ಎಸ್, ಗಂಜಿ, ಹೆಸರುಬೇಳೆ ಕಟ್ಟು, ಬಾಳೆಹಣ್ಣು, ಡಾಕ್ಟರು ಬರೆದರೆ ಬೇಧಿ ನಿಲ್ಲಿಸುವ ಲೋಪೆರಮೈಡ್ ಔಷಧ. ಜೊತೆಗೆ ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ತೆಗೆದುಕೊಳ್ಳುವವರ ಮಾತು ಬೇರೆ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಅಧ್ಯಯನದಲ್ಲಿ ನಾರು ಜಾಸ್ತಿ ತಿನ್ನುತ್ತಿದ್ದವರಿಗೆ ಈ ಚಿಕಿತ್ಸೆ ಚೆನ್ನಾಗಿ ಹಿಡಿಯಿತು. ಅಂಗಡಿಯ ಪ್ರೊಬಯಾಟಿಕ್‌ನಿಂದ ಅಂಥ ಲಾಭ ಕಾಣಲಿಲ್ಲ. ಅವರಿಗೆ ನಾನು ಪುಡಿ ಸೂಚಿಸುವುದಿಲ್ಲ. ಹೊಟ್ಟೆ ತಡೆಯುವಷ್ಟು ಸೊಪ್ಪು, ಕಾಳು, ಹಣ್ಣು ತಿನ್ನಿ ಅನ್ನುತ್ತೇನೆ.