ಹಾಲಿನ ಕ್ಯಾಲೆಂಡರ್‌ನಲ್ಲಿ ತಲೆನೋವಿನ ಲೆಕ್ಕ

ನಾನು ಲೆಕ್ಕ ಬರೆಯುವವನು. ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಒಂದು ಬಟ್ಟೆ ಅಂಗಡಿಯ ಪುಸ್ತಕ ನೋಡಿಕೊಳ್ಳುತ್ತೇನೆ. ಅಂಗಡಿಯ ಪೈಸೆ ಪೈಸೆ ಲೆಕ್ಕ ಇಡುವ ನನಗೆ, ತಿಂಗಳಿಗೆ ಎಷ್ಟು ತಲೆನೋವಿನ ಮಾತ್ರೆ ನುಂಗುತ್ತೇನೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಬೆಳಿಗ್ಗೆ ಏಳುವಾಗಲೇ ತಲೆ ಭಾರ. ಪಾಂಡವಪುರ ದಾಟುವಷ್ಟರಲ್ಲಿ ಹಣೆಗೆ ಪಟ್ಟಿ ಬಿಗಿದ ಹಾಗೆ. ಕೆಲವು ದಿನ ಬಲಗಡೆ ಮಾತ್ರ ಸಿಡಿಯುತ್ತಿತ್ತು, ಜೊತೆಗೆ ಹೊಟ್ಟೆ ತೊಳಸುವುದು. ಒಂದು ದಸರಾದಲ್ಲಿ ಮನೆಯವರನ್ನು ದೀಪ ನೋಡಲು ಕರೆದುಕೊಂಡು ಹೋಗಿದ್ದೆ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದವು. ಜನ ಹೋ ಅಂದರು. ನಾನು ಮುಖದ ಮೇಲೆ ಟವೆಲ್ ಹಾಕಿಕೊಂಡು ನೆಲದ ಮೇಲೆ ಕೂತೆ.

ಕಾರಣ ಹೇಳುವವರಿಗೇನೂ ಬರ ಇರಲಿಲ್ಲ. 'ಪಿತ್ತ ಕಣಪ್ಪ, ಹರಳೆಣ್ಣೆ ಹಚ್ಕೊಂಡು ಸ್ನಾನ ಮಾಡು' ಅಂದರು ಅಮ್ಮ. ಒಣಶುಂಠಿ ತೇದು ಹಣೆಗೂ ಬಳಿದರು. ಆ ಉರಿಯಲ್ಲಿ ಅರ್ಧ ಗಂಟೆ ನೋವೇ ಮರೆತುಹೋಗುತ್ತಿತ್ತು! ಪಕ್ಕದ ಮನೆಯ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ರೈಲಿನ ಗೆಳೆಯರ ಪ್ರಕಾರ ಸೈನಸ್. ನಾನೂ ಅದನ್ನೇ ನಂಬಿ ತಿಂಗಳುಗಟ್ಟಲೆ ಆವಿ ತೆಗೆದುಕೊಂಡೆ. ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು ಮೈಗ್ರೇನ್‌ನಲ್ಲೂ ಆಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಕನ್ನಡಕ ಬದಲಾಯಿಸಿದೆ. ರಾತ್ರಿ ಮಲಗಿದಾಗ ಮಾತ್ರ, ಯಾರಿಗೂ ಹೇಳದ ಇನ್ನೊಂದು ಕಾರಣ ಎದ್ದು ಕೂರುತ್ತಿತ್ತು: ಒಳಗೆ ಗೆಡ್ಡೆ ಏನಾದರೂ ಬೆಳೆದಿದ್ದರೆ?

ಕೊನೆಗೆ ಮೈಸೂರಿನಲ್ಲೇ ನರರೋಗದ ಡಾಕ್ಟರೊಬ್ಬರ ಹತ್ತಿರ ಹೋದೆ. ಸ್ಕ್ಯಾನ್ ಬರೆಸಿಕೊಳ್ಳಲೆಂದೇ ಹೋಗಿದ್ದೆ. ಅವರು ಪ್ರಶ್ನೆ ಶುರು ಮಾಡಿದರು. ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ನೋವಾ? ಜ್ವರದ ಜೊತೆ ಕತ್ತು ಬಿಗಿದಿತ್ತಾ? ಕೈಕಾಲು ಸೋತಿದ್ದು, ಮಾತು ತೊದಲಿದ್ದು ಇದೆಯಾ? ಇವಿದ್ದರೆ ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕಂತೆ. ನನಗೆ ಯಾವುದೂ ಇರಲಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟರು, ಮಂಡಿಗೆ ತಟ್ಟಿದರು, ನಡೆಸಿ ನೋಡಿದರು. ಸ್ಕ್ಯಾನ್ ಸದ್ಯಕ್ಕೆ ಬೇಡ ಅಂದರು.

'ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೋತೀರಿ?'

'ಆಗೊಮ್ಮೆ ಈಗೊಮ್ಮೆ ಮೇಡಂ.'

'ಒಂದು ತಿಂಗಳು ಬರೆದುಕೊಂಡು ಬನ್ನಿ.'

ಅಡುಗೆಮನೆಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರ್ ಇತ್ತು. ಅದರಲ್ಲೇ ನೋವು ಬಂದ ದಿನ 'ನೋ', ಮಾತ್ರೆ ನುಂಗಿದ ದಿನ 'ಮಾ' ಅಂತ ಬರೆದೆ. (ಹೆಂಡತಿ 'ಮಾ 2' ನೋಡಿ ಎರಡು ಲೀಟರ್ ಅಂದುಕೊಂಡು ಹಾಲಿನವರಿಗೆ ಜಾಸ್ತಿ ದುಡ್ಡು ಕೊಟ್ಟಳು.) ತಿಂಗಳ ಕೊನೆಗೆ ಎಣಿಸಿದರೆ 'ಮಾ' ಇದ್ದದ್ದು 22 ದಿನ.

ಡಾಕ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮೊದಲೇ ತಲೆನೋವು ಇರುವವರು ನೋವಿನ ಮಾತ್ರೆ ಜಾಸ್ತಿ ತಿಂದರೆ, ಆ ಮಾತ್ರೆಯೇ ನೋವು ತರಲು ಶುರು ಮಾಡುತ್ತದೆ. ಬರೀ ಪ್ಯಾರಾಸಿಟಮಾಲ್ ಆದರೆ ತಿಂಗಳಿಗೆ 15 ದಿನ, ಕೆಫೀನ್ ಅದು ಇದು ಬೆರೆಸಿದ್ದಾದರೆ 10 ದಿನ. ಮೂರು ತಿಂಗಳಿಗೂ ಹೆಚ್ಚು ಕಾಲ ಈ ಗೆರೆಯ ಮೇಲೇ ಇದ್ದರೆ ಅನುಮಾನಪಡಬೇಕು. ನನ್ನದು ಬೆರಕೆ ಮಾತ್ರೆ. ಮೂಲದಲ್ಲಿ ಇದ್ದದ್ದು ಮೈಗ್ರೇನ್. ಅದರ ಮೇಲೆ ನಾನೇ ಇನ್ನೊಂದು ತಲೆನೋವನ್ನು ಸಾಕಿಕೊಂಡಿದ್ದೆ.

ಮಾತ್ರೆ ನಿಲ್ಲಿಸಿದ ಮೊದಲ ವಾರ ನರಕ. ಮೂರನೇ ದಿನ ಅಂಗಡಿಗೆ ರಜೆ ಹಾಕಿ ಕಿಟಕಿ ಮುಚ್ಚಿ ಮಲಗಿದೆ. ಇದು ಮೊದಲು ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ ಅಂತ ಅವರು ಹೇಳದೇ ಇದ್ದಿದ್ದರೆ ನಾಲ್ಕನೇ ದಿನ ಮೆಡಿಕಲ್ ಶಾಪ್ ಮುಂದೆ ನಿಂತಿರುತ್ತಿದ್ದೆ. ನೋವು ಮೊದಲೇ ಬರದ ಹಾಗೆ ತಡೆಯಲು ರಾತ್ರಿಗೆ ಅಮಿಟ್ರಿಪ್ಟಿಲಿನ್ ಅನ್ನುವ ಮಾತ್ರೆ 10 ಮಿಲಿಗ್ರಾಂ ಕೊಟ್ಟಿದ್ದರು. ಬಾಯಿ ಒಣಗುತ್ತಿತ್ತು, ಬೆಳಗಿನ ರೈಲಿನಲ್ಲಿ ತೂಕಡಿಕೆ. ಇದು ನನಗೆ ಕೊಟ್ಟದ್ದು, ನೋಡಿ ನೀವು ಸುಮ್ನೆ ಕೊಂಡು ನುಂಗಬೇಡಿ. ಐದು ಲೋಟ ಕಾಫಿಯನ್ನು ನಿಧಾನವಾಗಿ ಎರಡಕ್ಕೆ ಇಳಿಸಿದೆ. ಮಾತ್ರೆಗಿಂತ ಕಷ್ಟ ಆಗಿದ್ದು ಇದೇ.

ಹೋದ ತಿಂಗಳ ಹಾಳೆಯಲ್ಲಿ 'ನೋ' ನಾಲ್ಕು, 'ಮಾ' ಎರಡು. ಒಂದು, ವ್ಯಾಪಾರ ಜೋರಾಗಿ ಮಧ್ಯಾಹ್ನದ ಊಟ ತಪ್ಪಿದ ದಿನದ್ದು. ಇನ್ನೊಂದು ಯಾಕೆ ಬಂತೋ, ಎಷ್ಟು ಹಿಂದೆ ಮುಂದೆ ನೋಡಿದರೂ ಲೆಕ್ಕಕ್ಕೆ ಸಿಗಲಿಲ್ಲ.