1870ರಿಂದ ಹಿಂದಕ್ಕೆ: ಆಫ್ರಿಕನ್ ಅಮೆರಿಕನ್ ಕುಟುಂಬದ ಬೇರು ಹುಡುಕುವ ಬಗೆ

ಗುಲಾಮಗಿರಿ ಕೊನೆಗೊಂಡಾಗ ಬಿಡುಗಡೆಯಾದವರ ಹೆಸರನ್ನು ಬರೆದುಕೊಂಡ ಮೊದಲ ಅಮೆರಿಕನ್ ಜನಗಣತಿ 1870ರದು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿರುತ್ತದೆ. ಅದರ ಕೆಳಗಿನವರಿಗೆ ಹೆಚ್ಚಾಗಿ ಬರೀ ವಯಸ್ಸು, ಲಿಂಗ, ಬಣ್ಣ. ಹಾಗಾಗಿ 1870ರಿಂದ ಹಿಂದೆ ಹೋಗಬೇಕಾದರೆ ಮೊದಲು ಒಡೆಯ ಯಾರೆಂದು ಪತ್ತೆಯಾಗಬೇಕು.

ಶುರು ಮಾತ್ರ ಈಚಿನ ತಲೆಮಾರಿನಿಂದಲೇ ಆಗಲಿ. ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ಹಂಚುವ ಪುಸ್ತಿಕೆಗಳನ್ನು ಕೇಳಿ ಪಡೆಯಿರಿ. ಹುಟ್ಟೂರು, ತಂದೆತಾಯಿ, ಒಡಹುಟ್ಟಿದವರ ವಿವರ ಒಂದೇ ಕಡೆ ಸಿಗುತ್ತದೆ. ಆಮೇಲೆ ಗಣತಿಗಳನ್ನು ಒಂದೊಂದಾಗಿ ಹಿಂದಕ್ಕೆ ನೋಡುತ್ತ ಹೋಗಿ. 1890ರದು 1921ರ ಬೆಂಕಿಯಲ್ಲಿ ಕೆಟ್ಟು, ಕೊನೆಗೆ ಬಹುಪಾಲು ನಾಶವಾಯಿತು. ಆ ಕೊರತೆ ತುಂಬಲು 1900ರ ಗಣತಿ ನೆರವಾಗುತ್ತದೆ: ಹುಟ್ಟಿದ ತಿಂಗಳು, ವರ್ಷ, ಮದುವೆಯಾಗಿ ಎಷ್ಟು ವರ್ಷ ಎಂಬುದೆಲ್ಲ ಅದರಲ್ಲಿದೆ.

1870ರ ಹಾಳೆಯಲ್ಲಿ ಒಂದೇ ಮನೆ ನೋಡಿ ಮುಚ್ಚಬೇಡಿ. ಹಿಂದು ಮುಂದಿನ ಇಪ್ಪತ್ತು ಮನೆಗಳನ್ನಾದರೂ ಬರೆದುಕೊಳ್ಳಿ. ಬಿಡುಗಡೆಯ ನಂತರವೂ ಎಷ್ಟೋ ಕುಟುಂಬಗಳು ತಾವು ದುಡಿದಿದ್ದ ಹಳೆಯ ಪ್ಲಾಂಟೇಶನ್ (ಗುಲಾಮರನ್ನು ದುಡಿಸುತ್ತಿದ್ದ ದೊಡ್ಡ ತೋಟ) ಆಸುಪಾಸಿನಲ್ಲೇ ಉಳಿದಿದ್ದವು. ಅಡ್ಡಹೆಸರೇ (ಮನೆತನದ ಹೆಸರೇ) ಕೊನೆಯ ಒಡೆಯನ ಹೆಸರು ಎಂದು ಹಿಡಿದುಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಕೆಲವರು ಅದಕ್ಕೂ ಹಿಂದಿನ ಒಡೆಯನ ಹೆಸರನ್ನೋ ತಂದೆಯ ಹೆಸರನ್ನೋ ಇಟ್ಟುಕೊಂಡರು, ಕೆಲವರು ತಾವೇ ಆರಿಸಿಕೊಂಡರು.

ಒಡೆಯನ ಸುಳಿವಿಗೆ, ಬಿಡುಗಡೆಯಾದವರ ಉಳಿತಾಯಕ್ಕೆಂದು ತೆರೆದಿದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆದಾರರ ರಿಜಿಸ್ಟರುಗಳಷ್ಟು ಒಳ್ಳೆಯ ದಾಖಲೆ ಅಪರೂಪ. ಬ್ಯಾಂಕು 1874ರಲ್ಲಿ ಮುಳುಗಿ ಎಷ್ಟೋ ಬಡವರ ಉಳಿತಾಯ ಹೋಯಿತು. ಆದರೆ 29 ಶಾಖೆಗಳ ರಿಜಿಸ್ಟರು ಉಳಿದಿವೆ. ಖಾತೆದಾರರ ವಯಸ್ಸು, ಹುಟ್ಟಿ ಬೆಳೆದ ಊರು, ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಮೊದಮೊದಲ ಖಾತೆಗಳಲ್ಲಿ ಹಳೆಯ ಒಡೆಯ ಮತ್ತು ಪ್ಲಾಂಟೇಶನ್ ಕೂಡ. ವಂಶಾವಳಿ ದಾಖಲೆಗಳ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಮನೆಯವರು ಯಾರಾದರೂ ಅಮೆರಿಕದ ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರ ಪಡೆಗಳಲ್ಲಿದ್ದರೆ ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಿಂದ (ರಾಷ್ಟ್ರೀಯ ದಾಖಲೆ ಭಂಡಾರ) ಪಿಂಚಣಿ ಕಡತ ತರಿಸಿ. ಮದುವೆಗೆ ಕಾಗದಪತ್ರ ಇಲ್ಲದ ವಿಧವೆಯ ಪರವಾಗಿ ಜೊತೆಗೆ ಗುಲಾಮರಾಗಿದ್ದವರು ಕೊಟ್ಟ ಸಾಕ್ಷಿ ಅದರಲ್ಲಿ ಇರಬಹುದು.

ಒಡೆಯನ ಹೆಸರು ಸಿಕ್ಕಿತೆಂದರೆ ಕೌಂಟಿಯ (ಜಿಲ್ಲೆಯಂಥ ಆಡಳಿತ ವಿಭಾಗದ) ನ್ಯಾಯಾಲಯದಲ್ಲಿ ಅವನ ಉಯಿಲು, ಆಸ್ತಿಪಟ್ಟಿ ಹುಡುಕಿ. ಮನುಷ್ಯರ ಹೆಸರಿನ ಪಕ್ಕ ಡಾಲರ್ ಬೆಲೆ ಓದುವುದು ಸಂಕಟದ ಕೆಲಸ. ಆದರೂ ಪೂರ್ತಿ ಓದಬೇಕು, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಅಡ್ಡಹೆಸರಿರುವುದಿಲ್ಲ. ಒಂದೇ ಹೆಸರನ್ನು ನಂಬದೆ ತಾಯಿ, ಮಕ್ಕಳು ಗುಂಪಾಗಿ ಹೊಂದುತ್ತಾರೆಯೇ ನೋಡಿ. ವಯಸ್ಸು ಐದು, ಹತ್ತು ವರ್ಷ ಹೆಚ್ಚುಕಡಿಮೆಯಾದರೆ ಬಿಟ್ಟುಬಿಡಬೇಡಿ. ಅಲ್ಲೂ ಸಿಗದಿದ್ದರೆ ಒಡೆಯನ ಮಾವನ ಉಯಿಲು ತೆಗೆಸಿ: ಮಗಳಿಗೆ ಕೊಟ್ಟ ಆಸ್ತಿಯಾಗಿ ಗುಲಾಮರು ಅಳಿಯನ ಮನೆ ಸೇರುತ್ತಿದ್ದುದು ಸಾಮಾನ್ಯವಾಗಿತ್ತು.